ಥಂಡ ಬಾರದ ಕಾರು

ಮೂರನೆಯ ಸಲ ಡ್ಯಾಶ್‌ಬೋರ್ಡು ಬಿಚ್ಚುವ ಹೊತ್ತಿಗೆ ರೇವಣಪ್ಪನಿಗೆ ಅಳು ಬರುವುದೊಂದೇ ಬಾಕಿ ಇತ್ತು. ಸುಡುಗಾಡು ಕಾರು! ಬಾಗೇವಾಡಿಯ ಡಾಕ್ಟರ್ ಬಸಂತರಾಯರು ಮುಂಬಯಿ ಹರಾಜಿನಲ್ಲಿ ಹಿಡಿದು ತಂದ ಅಮೇರಿಕದ ಗಾಡಿ. ಎಷ್ಟು ತಂಪು ಬೇಕೆಂದು ಗುಂಡಿ ತಿರುಗಿಸಿದರೆ ಸಾಕು, ಒಳಗಿನ ಹವೆ ನೋಡಿಕೊಂಡು ಥಂಡ ಗಾಳಿಯನ್ನೋ ಬಿಸಿ ಗಾಳಿಯನ್ನೋ ತಾನೇ ಬಿಡುವ ಮಷೀನು ಅದರಲ್ಲಿತ್ತು. ಎಪ್ಪತ್ತಾರರ ಮೇ ತಿಂಗಳ ರಣಬಿಸಿಲಿನಲ್ಲಿ ಆ ಪುಣ್ಯಾತ್ಮ ಬಿಸಿಯನ್ನೇ ಬಿಡುತ್ತ ಗ್ಯಾರೇಜಿಗೆ ಬಂದಿತ್ತು.

ಹನ್ನೆರಡಕ್ಕೆ ಡಾಕ್ಟರು ಬರುವವರಿದ್ದರು. ಅಷ್ಟರಲ್ಲಿ ಕಾರು ಸರಿಹೋದರೆ ಆಲಮಟ್ಟಿ ಅಣೆಕಟ್ಟಿನ ಜೀಪುಗಳ ರಿಪೇರಿಯೆಲ್ಲ ರೇವಣಪ್ಪನಿಗೆ. ಡಾಕ್ಟರ ಭಾವಮೈದುನನೇ ಅಲ್ಲಿ ಇಂಜಿನಿಯರ್. ಇಲ್ಲದಿದ್ದರೆ ಕಾರೂ ಜೀಪೂ ಸೊಲ್ಲಾಪುರದ ಮಿಸ್ತ್ರಿಯ ಪಾಲು. ತಿಂಗಳಿಗೊಂದು ಟ್ರ್ಯಾಕ್ಟರ್ ನಂಬಿಕೊಂಡು ಗ್ಯಾರೇಜು ನಡೆಯುವಂತಿರಲಿಲ್ಲ.

ದೋಷವೇನೋ ಮೊದಲ ದಿನವೇ ಸಿಕ್ಕಿತ್ತು. ಬಿಸಿ ಗಾಳಿಯ ದಾರಿ ಮುಚ್ಚುವ ಪುಟ್ಟ ಬಾಗಿಲನ್ನು ಎಳೆಯುವ ರಬ್ಬರ್ ನಳಿಕೆ ಸೀಳಿತ್ತು. ಹೊಸದು ಹಾಕಿದ. ಬಾಗಿಲು ಟಪ್ಪೆಂದು ಮುಚ್ಚಿತು. ಖುಷಿಯಿಂದ, ಹೊರಗೆ ನಿಂತೇ, ಗಾಳಿ ಬರುವ ಜಾಲರಿಗೆ ಬಲಗೈ ಒಡ್ಡಿದ. ಗಾಳಿ ಬಂತು, ಥಂಡ ಬರಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಶನಿಕಾಟ! ಬೆಲ್ಟು ಬಿಗಿದ. ವೈರುಗಳನ್ನೆಲ್ಲ ತಪಾಸಣೆ ಮಾಡಿದ. ಹವೆ ಅಳೆಯುವ ಸಾಧನವನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ. ಗ್ಯಾಸಿನ ಗೇಜು ನೋಡಿದ. ಎಲ್ಲ ಬರೋಬ್ಬರಿ.

"ಗೇಜ್ ಬರೋಬ್ಬರಿ ಐತೆಂದ್ರ ಇನ್ನೇನಲೇ? ಒಳಗ ಕುಂತರ ನೋಡು," ಎಂದ ಬಾಜೂ ಅಂಗಡಿಯಲ್ಲಿ ಸೀಟ್ ಕವರ್ ಹೊಲಿಯುವ ಅಬ್ದುಲರಜಾಕ.

"ಈ ಎಣ್ಣಿ ಅರಿವಿ ಹಾಕ್ಕೊಂಡು ಗಿರಾಕಿ ಸೀಟಿನ ಮ್ಯಾಲ ಕುಂದರಬಾರದು. ನಮ್ಮ ಉಸ್ತಾದ ಕಲಿಸಿದ್ದು. ಗೇಜ್ ಸುಳ್ಳ ಹೇಳಬಹುದು, ಈ ಕೈ ಹೇಳಂಗಿಲ್ಲ."

ಜಂಬದ ಮಾತಲ್ಲ ಅದು. ರೇವಣಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಎಂಜಿನ್ನಿನ ಹೊಟ್ಟೆಯೊಳಗಿನ ರೋಗ ಹೇಳುತ್ತಾನೆಂದು ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಹೆಸರಿತ್ತು. ಹದಿನೈದು ವರ್ಷ ಆ ಹೆಸರೇ ಅನ್ನ ಹಾಕಿತ್ತು.

ಹೊತ್ತು ಏರಿತು. ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳವನ್ನು ಅವನು ಸಿಟ್ಟಿನಿಂದ ಬರಿಗೈಯಲ್ಲೇ ತಿರುಗಿಸಿದ. ಹಬೆ ಭುಸ್ಸೆಂದಿತು.

"ಏ, ಕೈಗೆ ಗುಳ್ಳಿ ಎದ್ದಾವಲ್ಲೋ!" ಅಬ್ದುಲರಜಾಕ ಕೂಗಿಕೊಂಡ.

"ಏಳಲಿ ಬಿಡೋ ಮಾರಾಯಾ. ಜೀವಾನ ಹೋಗಾಕತ್ತೈತಿ, ಕೈ ಖಬರ್ ಯಾರಿಗೈತಿ?"

ಹನ್ನೆರಡಕ್ಕೆ ಸರಿಯಾಗಿ ಡಾಕ್ಟರು ಬಂದರು. ಡ್ಯಾಶ್‌ಬೋರ್ಡು ಮತ್ತೆ ಕೂರಿಸಿ ಮುಗಿಸಿದ್ದ ರೇವಣಪ್ಪ ಮುಖ ಎತ್ತಲಿಲ್ಲ. "ಸೋತ್ನಿರಿ, ಸಾಹೇಬ್ರ. ಸೊಲ್ಲಾಪುರಕ್ಕ ಒಯ್ಯಿರಿ," ಎಂದು ಕಾರಿನ ಚಾವಿ ಮುಂದೆ ಹಿಡಿದ.

ಡಾಕ್ಟರು ಒಳಗೆ ಕೂತು, ಬಾಗಿಲು ಹಾಕಿಕೊಂಡು, ಗಾಡಿ ಚಾಲೂ ಮಾಡಿದರು. ಐದು ನಿಮಿಷದ ಮೇಲೆ ಗಾಜು ಇಳಿಯಿತು. ಮುಖ ಊರಗಲ ಅರಳಿತ್ತು.

"ಹುಚ್ಚಪ್ಯಾಲಿ, ಸೋತ್ನಿ ಅಂತೀಯಲ್ಲ! ಥಂಡಕ್ಕ ಮೈ ನಡಗಾಕತ್ತೈತಿ ನಂದು. ನಾಳಿಂದನ ಜೀಪ ಕಳಸಾಕ ಹೇಳ್ತೇನಿ."

ಕನಿಕರಪಡುತ್ತಿದ್ದಾರೆ ಅನಿಸಿತು ರೇವಣಪ್ಪನಿಗೆ. ಬೈದಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಸುಳ್ಳ ಸಮಾಧಾನ ಬ್ಯಾಡ್ರಿ," ಎಂದು ಕಿಟಕಿಯೊಳಗೆ ತೋಳು ಚಾಚಿ ಅಂಗೈಯನ್ನು ಜಾಲರಿಗೇ ಒತ್ತಿ ಹಿಡಿದ. "ಎಲ್ಲೈತ್ರಿ ಥಂಡ? ನೀವ ಹೇಳ್ರಿ, ಎಲ್ಲೈತಿ?"

ಡಾಕ್ಟರ ನಗು ನಿಂತಿತು. ಕೆಳಗಿಳಿದು ಆ ಕೈ ಹಿಡಿದರು. ಗುಳ್ಳೆ ನೋಡಿದರು. ಮಣಿಕಟ್ಟಿನ ಎಣ್ಣೆ ಒರೆಸಿ, ಅಡಿಯಲ್ಲಿ ಬಿಳಚಿಕೊಂಡಿದ್ದ ಮಚ್ಚೆಯನ್ನೂ ನೋಡಿದರು.

"ಕಣ್ಣ ಮುಚ್ಚು ರೇವಣಪ್ಪ. ಸೂಜಿ ಚುಚ್ಚಿದ ಕೂಡಲೆ ಹೇಳು."

ಅವನು ಕಣ್ಣು ಮುಚ್ಚಿದ. ಡಾಕ್ಟರ ಚೀಲದಿಂದ ಸೂಜಿ ಹೊರಬಂತು. ಮಚ್ಚೆಯ ಮೇಲೊಂದು, ಅಂಗೈಯಲ್ಲೊಂದು, ಬೆರಳ ತುದಿಯಲ್ಲೊಂದು ರಕ್ತದ ಹನಿ ಮೂಡಿತು. ಊರವರು ದೊಡ್ಡ ರೋಗ ಎನ್ನುವ ಕುಷ್ಠದ ಗುರುತು ಅಬ್ದುಲರಜಾಕನಿಗೂ ಗೊತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದ.

"ಯಾಕ ನಿಂತ್ರಿ, ಸಾಹೇಬ್ರ?" ಎಂದ ರೇವಣಪ್ಪ. "ಚುಚ್ಚರಿ."