ಕುಂಕುಮ ಮೆತ್ತಿದ ಮೌಸ್

ಅಣೆಕಟ್ಟಿನ ಕಚೇರಿಯಲ್ಲಿ ಆಯುಧಪೂಜೆ ಹಿಂದಿನ ದಿನವೇ ಮುಗಿದಿತ್ತು. ಒಂದೇ ಥರದ ವೈರ್‌ಲೆಸ್ ಮೌಸ್‌ಗಳನ್ನೆಲ್ಲ ತಟ್ಟೆಯಲ್ಲಿಟ್ಟು, ಕುಂಕುಮ ಸುರಿದು, ಕೈಗೆ ಸಿಕ್ಕಿದ್ದನ್ನು ಸಿಕ್ಕ ಮೇಜಿನ ಮೇಲಿಟ್ಟು ಹೋಗಿದ್ದರು. ಬೆಳಗ್ಗೆ ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳ ಮೌಸ್ ಕೆಲಸವನ್ನೇ ಮಾಡಲಿಲ್ಲ. ಗಂಡನಿಗೆ ಫೋನ್ ಮಾಡಿದಳು. ಅವನು ಹಬ್ಬಕ್ಕೆಂದು ಅಣೆಕಟ್ಟಿನ ಬುಡದ ಹೊಳೆಯಲ್ಲಿ ಮಗಳ ಜೊತೆ ಕಾರು ತೊಳೆಯುತ್ತಿದ್ದ.

“ಸೆಲ್ ಬದಲಾಯಿಸಿದ್ಯಾ?”

“ಹೊಸದೇ ಹಾಕ್ದೆ ರೀ. ಸ್ಕ್ರೀನ್ ಮೇಲಿನ ಬಾಣ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ.”

“ಬಟನ್ ಸಂದೀಲಿ ಕುಂಕುಮ ಕೂತಿರುತ್ತೆ. ಮಗುಚಿ ಹಿಡ್ಕೊಂಡು ಟಕಟಕ ಅಂತ ಒತ್ತು, ಉದುರುತ್ತೆ.”

ಒತ್ತಿದಳು. ಕೆಂಪು ಪುಡಿ ಮೇಜಿನ ಮೇಲೆ ಉದುರಿತು.

“ಬರ್ತಿದೆ ರೀ.”

“ನಿಲ್ಲಿಸ್ಬೇಡ, ಒತ್ತು.”

ಒತ್ತುತ್ತಲೇ ಇದ್ದಳು. ಫೋನಿನಲ್ಲಿ ಭೋರೆಂಬ ಸದ್ದು ಕೇಳಿಸತೊಡಗಿತು.

“ಏನ್ರೀ ಅದು?”

“ಗೊತ್ತಿಲ್ಲ ಕಣೇ, ಇದ್ದಕ್ಕಿದ್ದ ಹಾಗೆ ನೀರು ಏರ್ತಿದೆ... ಪುಟ್ಟೀ, ಬಂಡೆ ಹತ್ತು!”

ಗಾಬರಿಯಲ್ಲೂ ಅವಳ ಬೆರಳು ನಿಂತಿರಲಿಲ್ಲ.

ಅಣೆಕಟ್ಟಿನ ಗೇಟು ನೋಡಿಕೊಳ್ಳುವವನು ಪಕ್ಕದ ಕೋಣೆಯಿಂದ ಓಡಿಬಂದ.

“ಮೇಡಂ, ನನ್ನ ಮೌಸ್ ಕೆಲಸಾನೇ ಮಾಡ್ತಿಲ್ಲ. ಆದ್ರೂ ನನ್ನ ಸ್ಕ್ರೀನಲ್ಲಿ ಗೇಟ್ ಎತ್ತೋ ಬಟನ್ನ ಯಾರೋ ಒತ್ತುತ್ತಾನೇ ಇದಾರೆ!”