ಕಾಂಪೌಂಡರ್ ಸೀಗಡಿ

ಕ್ಲಿನಿಕ್ಕಿನ ದೀಪ ಹಾಕಿದ ಶಾಂತಲಾಗೆ ಮೊದಲು ಕಂಡಿದ್ದು ಮೀನಿನ ತೊಟ್ಟಿಯ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದ ಕಾಂಪೌಂಡರ್. ಕೆಂಪು ಬೆನ್ನಿನ ಮೇಲೆ ಬಿಳಿ ಪಟ್ಟೆಯ ಸೀಗಡಿ ಅದು. ತೊಟ್ಟಿಯಲ್ಲಿದ್ದ ಸಮುದ್ರದ ಮೀನುಗಳು ಬಂದು ಬಾಯಿ ತೆರೆದು ನಿಂತರೆ ಒಳಗೆ ಹೊಕ್ಕು ಚೊಕ್ಕಟ ಮಾಡಿ ಬರುತ್ತಿತ್ತು. ಹಲ್ಲಿನ ಡಾಕ್ಟರ ಬಳಿ ಇಂಥವನೊಬ್ಬ ಇರಬೇಕಾದ್ದೇ ಎಂದು ಚನ್ನಗಿರಿಯ ಪೇಷಂಟುಗಳೇ ಆ ಹೆಸರಿಟ್ಟಿದ್ದರು. ಗಾಜಿಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳೂ ಉದುರಿ ಮರಳ ಮೇಲೆ ಬಿದ್ದಿದ್ದವು. ಮೈತುಂಬ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕಿ ಎದ್ದಿದ್ದ ಹಳದಿ ಮೀನು ಮಾತ್ರ ಆರಾಮಾಗಿ ಓಡಾಡಿಕೊಂಡಿತ್ತು. ರೋಗಿ ಗಟ್ಟಿ, ಕಾಂಪೌಂಡರ್ ಆಸ್ಪತ್ರೆಯಲ್ಲಿ ಎನ್ನುವ ಹಾಗೆ.

"ಮಾವಾರೆ, ನೀರಿಗೆ ಏನು ಹಾಕಿದ್ರಿ?"

ಕ್ಲಿನಿಕ್ಕು ಮನೆಯ ಮುಂದಿನ ಕೋಣೆಯೇ. ಬಾಗಿಲಾಚೆ ಜಗಲಿಯಲ್ಲಿ ಪೇಷಂಟುಗಳ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದ ವಿರೂಪಾಕ್ಷಪ್ಪ ಕನ್ನಡಕ ತೆಗೆದರು. ಅಡಿಕೆ ತೋಟವನ್ನೂ ಮಂಡಿಯನ್ನೂ ಒಂದೇ ಕೈಯಲ್ಲಿ ನಡೆಸಿದ ಮನುಷ್ಯ. ಸುಳ್ಳು ಹೇಳುವ ಅಭ್ಯಾಸವಿಲ್ಲ, ತಾನು ತಪ್ಪಿದೆನೇನೋ ಎಂದು ಅನುಮಾನಿಸುವ ಅಭ್ಯಾಸವಂತೂ ಮೊದಲೇ ಇಲ್ಲ.

"ಮೈಲುತುತ್ತ. ನಿನ್ನೆ ನೀನೇ ಅಂದ್ಯಲ್ಲಮ್ಮ, ಈ ಹುಳಕ್ಕೆ ತಾಮ್ರಾನೇ ಮದ್ದು ಅಂತ. ನಮ್ಮ ಮಂಡಿಯಾಗೆ ಮೂಟೆಗಟ್ಟಲೆ ಐತೆ, ನೀನು ಬೆಂಗಳೂರಿಂದ ಬಾಟ್ಲಿ ತರಿಸಾಕೆ ಹೊಂಟೀಯ. ಹಿತ್ತಲ ಗಿಡ ಮದ್ದಲ್ಲ ಅಂದಂಗಾತು."

ಅಂದದ್ದು ನಿಜವೇ. ಮೀನು ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುವುದನ್ನು ಕಂಡು ಅವಳು ಅದನ್ನು ಸ್ವಲ್ಪ ಹೊತ್ತು ಸಿಹಿನೀರಿನ ಬೋಗುಣಿಗೆ ಬಿಟ್ಟು ನೋಡಿದ್ದಳು. ಮೈಮೇಲೆ ಕಚ್ಚಿಕೊಂಡಿರುವ ಚಪ್ಪಟೆ ಹುಳವಾಗಿದ್ದರೆ ಸಿಹಿನೀರು ತಾಗಿದ್ದೇ ಬೆಳ್ಳಗಾಗಿ ಉದುರಬೇಕಿತ್ತು. ಒಂದೂ ಉದುರಲಿಲ್ಲ. ಹಾಗಾದರೆ ಇದು ಚರ್ಮದೊಳಗೆ ಹೊಕ್ಕು ಕೂರುವ ಹುಳ, ಇದಕ್ಕೆ ತಾಮ್ರವೇ ಸರಿ ಎಂದು ಖಂಡಿತವಾಗಿ ಹೇಳಿದ್ದಳು. ಮೀನನ್ನು ಬೇರೆ ಟಬ್ಬಿಗೆ ಹಾಕಿ ಅಲ್ಲಿ ಕೊಡಬೇಕು ಎಂದೂ ಹೇಳಿದ್ದಳು. ವರ್ಷಾವರ್ಷ ತೋಟದ ಕೊಳೆರೋಗಕ್ಕೆ ಮೈಲುತುತ್ತ ಹೊಡೆಸುವ ಮಾವನಿಗೆ ತಾಮ್ರ ಎಂಬ ಮಾತು ಬಿದ್ದಮೇಲೆ ಉಳಿದದ್ದು ಕಿವಿಯೊಳಗೆ ಇಳಿದಿರಲಿಲ್ಲ.

"ಹೆಂಗೆಂಗೋ ಹಾಕಿಲ್ಲ" ಎಂದರು ಅವರು. "ಸುಣ್ಣದ ತಿಳಿ ಕೂಡಿಸಿ, ಕುಡುಗೋಲು ಅದ್ದಿ ನೋಡೀನಿ. ತಾಮ್ರ ಜಾಸ್ತಿ ಇದ್ರೆ ಅಲಗು ಕೆಂಪಗಾಗ್ತೈತೆ. ಆಗಲಿಲ್ಲ. ಈ ಪರೀಕ್ಷೆ ಮಾಡಿ ಹೊಡೆಸಿದ್ಮೇಲೆ ನಮ್ಮ ತೋಟದಾಗೆ ಒಂದು ಹಿಂಗಾರ ಸುಟ್ಟಿಲ್ಲ."

ಶಾಂತಲಾಗೆ ಸಿಟ್ಟು ನೆತ್ತಿಗೇರಿತು. ಆದರೆ ಕೈ ಸುಮ್ಮನಿರಲಿಲ್ಲ. ಉಪ್ಪು ಬೆರೆಸಿಟ್ಟಿದ್ದ ಹೊಸ ನೀರನ್ನು ಬೋಗುಣಿಗೆ ಬಗ್ಗಿಸಿ ಸೀಗಡಿಯನ್ನು ಅದರೊಳಗೆ ಇಳಿಸಿದಳು. ಹಳದಿ ಮೀನನ್ನೂ ಅದರ ಜೊತೆಯವನ್ನೂ ಬಲೆಯಲ್ಲಿ ಹಿಡಿದು ಟಬ್ಬಿಗೆ ಬಿಟ್ಟಳು. "ಈ ನೀರು ತೆಗೀಬೇಕು, ಬಕೆಟ್ ಹಿಡೀರಿ ಮಾವಾರೆ" ಎಂದಳು, ಹಲ್ಲು ಕೀಳುವಾಗ ಪೇಷಂಟಿಗೆ ಬಾಯಿ ತೆರೆಯಲು ಹೇಳುವ ದನಿಯಲ್ಲಿ. ವಿರೂಪಾಕ್ಷಪ್ಪ ಪಂಚೆ ಎತ್ತಿ ಕಟ್ಟಿದರು. ದವಡೆ ಊದಿಸಿಕೊಂಡು ಸೊಕ್ಕೆ ಊರಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಪೇಷಂಟು ಗಾದ್ರಪ್ಪನೂ ನೋವು ಮರೆತು ಇನ್ನೊಂದು ಬಕೆಟ್ಟಿಗೆ ಕೈ ಹಾಕಿದ.

"ಮೀನು ಬದುಕ್ತದಾ?" ಎಂದರು ಮಾವ.

"ಬದುಕ್ತದೆ. ಟಬ್ಬಿನಾಗೆ ಅಳತೆ ನೋಡ್ಕಂಡು ತಾಮ್ರ ಕೊಡ್ತೀನಿ. ತೊಟ್ಟಿಯಾಗೆ ಮೀನಿಲ್ದಂಗೆ ಬಿಟ್ರೆ ಉಳಿದ ಹುಳ ಕಚ್ಚಾಕೆ ಮೈ ಸಿಗದೆ ಸಾಯ್ತವೆ. ಅದು ನಂಗೆ ಬಿಡ್ರಿ."

"ಅದೇ ನೀರು, ಅದೇ ತಾಮ್ರ. ಮೀನಿಗೆ ಏನೂ ಆಗ್ಲಿಲ್ಲ, ಇವನಿಗ್ಯಾಕೆ ಹಿಂಗಾತು?"

"ಮೀನು ತಡ್ಕಂತದೆ. ಸೀಗಡಿ, ಬಸವನಹುಳ, ಏಡಿ ತಡಿಯಲ್ಲ ಮಾವಾರೆ. ನಿಮ್ಮ ಕುಡುಗೋಲಿಗೆ ಗೊತ್ತೇ ಆಗದಷ್ಟು ಸಾಕು, ಅವು ಸಾಯಾಕೆ."

ಬೋಗುಣಿಯಲ್ಲಿ ಕಾಂಪೌಂಡರನ ಬಿಳಿ ಮೀಸೆ ಒಮ್ಮೆ ಮೇಲೆದ್ದು ನೀರಿನಲ್ಲಿ ಸುತ್ತಿತು. ಮೂವರೂ ಬಗ್ಗಿ ನೋಡಿದರು. ಮೀಸೆ ನಿಧಾನ ಕೆಳಗಿಳಿಯಿತು, ಮತ್ತೆ ಏಳಲಿಲ್ಲ. ಗಾದ್ರಪ್ಪ ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಹೋದ್ನೇನ್ರಿ, ಡಾಕ್ಟ್ರೇ?" ಎಂದ. ಶಾಂತಲಾ ತಲೆಯಾಡಿಸಿದಳು. ಕಣ್ಣು ತುಂಬಿದ್ದು ಮರೆಸಲು ಅವಳು ಪ್ರಯತ್ನಿಸಲಿಲ್ಲ.

"ಇನ್ನೊಂದು ತರಿಸಾನ ಬಿಡಮ್ಮ" ಎಂದರು ವಿರೂಪಾಕ್ಷಪ್ಪ. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ತರಿಸಿದ್ರೂ ಇದರಾಗೆ ಬಿಡಾಕೆ ಆಗಲ್ಲ. ಕಲ್ಲು, ಮರಳು ತಾಮ್ರ ಕುಡಿದು ಕೂತಾವೆ. ನೀರು ಎಷ್ಟು ಬದಲಾಯಿಸಿದ್ರೂ ಅದು ಪೂರಾ ಹೋಗಲ್ಲ."

ಅವರು ತುಂಬಿದ ಬಕೆಟ್ ಎತ್ತಿಕೊಂಡು ಬೀದಿಯ ಚರಂಡಿಯವರೆಗೆ ಹೋದರು. ಬಗ್ಗಿಸಬೇಕೆಂದವರು ಹಾಗೇ ನಿಂತರು.

"ಏಡಿ ಅಂದ್ಯಲ್ಲ" ಎಂದರು, ಬೆನ್ನು ತಿರುಗಿಸಿಕೊಂಡೇ. "ನಾ ಸಣ್ಣವನಿದ್ದಾಗ ತೋಟದ ಕೆಳಗಿನ ಹಳ್ಳಕ್ಕೆ ಕಾಲಿಟ್ರೆ ಸಾಕು, ಏಡಿ ಹಿಡ್ಕಳಾವು. ತೋಟಕ್ಕೆ ಮೈಲುತುತ್ತ ಹೊಡೆಸಾಕೆ ಹತ್ತಿದ್ಮೇಲೆ ಒಂದೂ ಕಾಣಲಿಲ್ಲ. ಪೀಡೆ ತೊಲಗ್ತು ಅಂದ್ಕಂಡಿದ್ದೆ."

ಶಾಂತಲಾ ಬಾಗಿಲಿಗೆ ಬಂದಳು. ಮಾವ ತುಂಬಿದ ಬಕೆಟ್ಟನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ಇದನ್ನ ಎಲ್ಲಿ ಚೆಲ್ಲಲಿ, ಹೇಳಮ್ಮ."