ಹೆಬ್ಬೆರಳು

ಬಿಳಿ ಶೂ, ಸಮವಸ್ತ್ರ, ಸೆಕೆಂಡ್ ಮುಳ್ಳಿನ ವಾಚು: ಮೂರಕ್ಕೂ ಸೇರಿ ಅಕ್ಕನ ಎರಡು ತಿಂಗಳ ಹೊಲಿಗೆಯ ಕೂಲಿ ಖರ್ಚಾಗಿತ್ತು. ಅದೇ ವಾಚು ನೋಡುತ್ತ, ನರ್ಸಿಂಗ್ ಸೇರಿದ ಹುಡುಗಿ ವಾರ್ಡಿನ ಹಾಸಿಗೆಯ ಮೇಲಿದ್ದ ಅಜ್ಜಿಯ ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು. "ನೂರ ಹದಿನೆಂಟು, ಸಿಸ್ಟರ್."

ಹಿರಿಯ ನರ್ಸ್ ತಾನೂ ಎಣಿಸಿದಳು. "ಎಪ್ಪತ್ತೆರಡು! ಹೆಬ್ಬೆರಳಿಟ್ಟು ನಿನ್ ನಾಡೀನೇ ಎಣಿಸಿದ್ಯಲ್ಲ ತಾಯಿ. ಪ್ರಾಕ್ಟಿಕಲ್‌ನಲ್ಲಿ ಒಂದು ಅಂಕ ಹೋಯ್ತು." ಜೊತೆಯ ಹುಡುಗಿಯರು ಕಿಸಕ್ಕನೆ ನಕ್ಕು ನರ್ಸ್ ಹಿಂದೆ ಮುಂದಿನ ಹಾಸಿಗೆಗೆ ಹೋದರು.

ಅಜ್ಜಿ ಮಾತ್ರ ಅವಳ ಕೈ ಬಿಡಲಿಲ್ಲ. "ಹಾಗಾದ್ರೆ ಆ ನೂರ ಹದಿನೆಂಟು ನಿಂದಾ? ಯಾಕಮ್ಮಾ ಅಷ್ಟೊಂದು ಹೊಡ್ಕೊಳ್ತಿದೆ? ಏನಾದ್ರೂ ತಿಂದ್ಯಾ?"

ಹಾಸ್ಟೆಲ್ಲಿಗೆ ಬಂದ ನಲವತ್ತು ದಿನಗಳಲ್ಲಿ ತಿಂದ್ಯಾ ಅಂತ ಯಾರೂ ಅವಳನ್ನು ಕೇಳಿರಲಿಲ್ಲ. "ಇಲ್ಲ ಅಜ್ಜಿ" ಎಂದಳು. ಅಂಕ ಹೋಯಿತು, ಕೇಳುವವರೊಬ್ಬರು ಸಿಕ್ಕರು.